ಬೆಣ್ಣೆಗೆ ಬೆಲೆ, ಕೈಗೆ ಕೆಲಸ

ಹಾಸನ

ಬೆಣ್ಣೆ ವ್ಯಾಪಾರಿಗೆ ದೇವರು ಮೂಗು ಕೊಟ್ಟಿರುವುದು ಉಸಿರಾಡುವುದಕ್ಕಿಂತ ಹೆಚ್ಚಾಗಿ ಅನುಮಾನ ಪಡುವುದಕ್ಕೆ. ನಮ್ಮಪ್ಪ ನನಗೆ ಕಲಿಸಿದ ವಿದ್ಯೆ ಅದೊಂದೇ. ದುದ್ದ, ಕಟ್ಟಾಯ, ಶಾಂತಿಗ್ರಾಮದ ಕಡೆಯ ಹೆಂಗಸರು ಮಡಕೆಯಲ್ಲಿ ಬೆಣ್ಣೆ ಹೊತ್ತು ನಮ್ಮ ಅಂಗಡಿಗೆ ಬಂದರೆ ಮೊದಲು ಮೂಸಬೇಕು, ಆಮೇಲೆ ಬೆರಳ ತುದಿಯಲ್ಲಿ ಉಜ್ಜಬೇಕು, ಒಳಗೆ ಬೆಂದ ಆಲೂಗಡ್ಡೆ ಸೇರಿಸಿದ್ದಾರೆಯೇ ಎಂದು ತಳದವರೆಗೂ ಕಡ್ಡಿ ಇಳಿಸಿ ನೋಡಬೇಕು. ಇಷ್ಟಾದ ಮೇಲೂ ಅವರನ್ನು ನಂಬಬಾರದು. ಅವರೂ ನಮ್ಮ ತಕ್ಕಡಿಯನ್ನು ನಂಬುವುದಿಲ್ಲವಾದ್ದರಿಂದ ಇದರಲ್ಲಿ ಯಾರಿಗೂ ಬೇಜಾರಿಲ್ಲ.

ಇಂಥ ನಾನು ಸ್ವೀಡನ್ ದೇಶಕ್ಕೆ ಹೋಗಿಬಂದೆ. ಈಗಿನ ಯುದ್ಧಕ್ಕೆ ಕೆಲವು ವರ್ಷ ಹಿಂದಿನ ಮಾತು. ಹಾಲಿನಿಂದ ಕೆನೆ ಬೇರೆ ಮಾಡುವ ಯಂತ್ರ ಕೊಳ್ಳುವ ಆಸೆ ನನಗೆ ಹುಟ್ಟಿತ್ತು. ಕಣ್ಣಾರೆ ನೋಡದೆ ಕೊಳ್ಳುವುದಿಲ್ಲ ಎಂದು ಬೊಂಬಾಯಿಯ ಏಜೆಂಟನ ಹತ್ತಿರ ಹಟ ಹಿಡಿದೆ. ಅವನಿಗೆ ನನ್ನ ಪ್ರಶ್ನೆಗಳು ಸಾಕಾಗಿರಬೇಕು. ಅಷ್ಟು ಅನುಮಾನವಿದ್ದರೆ ಅದನ್ನು ತಯಾರಿಸುವ ಊರಿಗೇ ಹೋಗಿ ನೋಡಿ ಎಂದು ಬರೆದ. ತಮಾಷೆಗೆ ಬರೆದದ್ದು. ನಾನು ಹೊರಟೇಬಿಟ್ಟೆ.

ನಿಜ ಹೇಳಬೇಕೆಂದರೆ ಯಂತ್ರ ಅರ್ಧ ಕಾರಣ. ಉಳಿದರ್ಧ, ಜಿಲ್ಲಾ ಬೋರ್ಡಿನ ಒಂದು ಜಗಳದಿಂದ ತಪ್ಪಿಸಿಕೊಳ್ಳುವುದು. ಹೊಳೆನರಸೀಪುರದ ಮಗ್ಗದ ಬೀದಿಯಲ್ಲಿ ಆ ವರ್ಷ ಮಗ್ಗಗಳ ಸದ್ದೇ ನಿಂತುಹೋಗಿತ್ತು. ಗಿರಣಿ ಬಟ್ಟೆ ಅಗ್ಗವಾಗಿ ಬಂದು ಸಂತೆಯಲ್ಲಿ ಕೂತ ಮೇಲೆ ಕೈಮಗ್ಗದ ಸೀರೆ ಕೇಳುವವರಿಲ್ಲ. ಕೆಲವು ಮನೆಗಳವರು ಕೋಲಾರದ ಚಿನ್ನದ ಗಣಿಗೆ ಹೋಗುವುದಕ್ಕೆ ಗಂಟುಮೂಟೆ ಕಟ್ಟಿದ್ದರು. ಆ ಬೀದಿಯ ಯಜಮಾನ ರಂಗಪ್ಪ ಬೋರ್ಡಿನ ಮುಂದೆ ಒಂದು ಬೇಡಿಕೆ ಇಟ್ಟ. ಹೊಳೆನರಸೀಪುರದಿಂದ ಅರಕಲಗೂಡಿಗೆ ಜಲ್ಲಿ ರಸ್ತೆ ಹಾಕಿಸಿ, ಕೆಲಸವಿಲ್ಲದವರನ್ನು ಅದಕ್ಕೆ ತೆಗೆದುಕೊಳ್ಳಿ, ಕೂಲಿ ಮಾತ್ರ ಸುಗ್ಗಿಯ ಕೂಲಿಯಷ್ಟಿರಲಿ, ಭಿಕ್ಷೆಯ ಹಾಗೆ ಇರಬಾರದು ಎಂದು.

ಅಡ್ಡ ನಿಂತವರು ಅರಕಲಗೂಡಿನ ಮಲ್ಲಪ್ಪನವರು. ಅವರು ನನ್ನ ಅಕ್ಕನ ಗಂಡ. ಬೋರ್ಡಿನಲ್ಲಿ ರೈತರ ಕಡೆಯವರೆಲ್ಲ ಭಾವನ ಮುಖ ನೋಡಿ ಕೈ ಎತ್ತುವವರು. ರಸ್ತೆಯಲ್ಲಿ ಅಷ್ಟು ಕೂಲಿ ಸಿಕ್ಕರೆ ರಾಗಿ ಕುಯ್ಯಲು ಆಳು ಎಲ್ಲಿಂದ ತರೋಣ ಎಂಬುದು ಅವರ ವಾದ. ಅದರ ಹಿಂದೆ ಇನ್ನೊಂದು ಸಿಟ್ಟಿತ್ತು. ಆಗ ತಾನೇ ಡಬ್ಬದಲ್ಲಿ ವನಸ್ಪತಿ ಬರತೊಡಗಿತ್ತು. ಪೇಟೆಯವರು ಬೆಣ್ಣೆ ಬಿಟ್ಟು ಡಬ್ಬದ ಜಿಡ್ಡಿಗೆ ಬಿದ್ದರು, ನಮ್ಮ ಬೆಣ್ಣೆ ಕೇಳುವವರಿಲ್ಲದಾಯಿತು, ಈಗ ನಾವು ಅವರಿಗೆ ರಸ್ತೆ ಕೊಡಬೇಕೋ ಎಂದು ಭಾವ ಗುಡುಗಿದರು. ವ್ಯಾಪಾರಿಗಳ ಕಡೆಯ ನಾವು ಕೆಲವರು ನಡುವೆ ಇದ್ದೆವು. ನಾವು ಎತ್ತ ವಾಲಿದರೆ ಅತ್ತ ತೀರ್ಮಾನ. ರಂಗಪ್ಪ ಊರನ್ನೆಲ್ಲ ಕಟ್ಟಿಕೊಂಡು ಮುಂದೆ ಅಂಗಡಿಗಳ ಮೇಲೆ ಬೀಳುತ್ತಾನೆ ಎಂದು ನನಗೆ ಅನುಮಾನ. ಭಾವ ಆಳುಗಳನ್ನು ಅಗ್ಗಕ್ಕೆ ಇಟ್ಟುಕೊಳ್ಳುವುದಕ್ಕೇ ಈ ಆಟ ಹೂಡಿದ್ದಾರೆ ಎಂದೂ ಅನುಮಾನ. ಸೀಮೆಗೆ ಹೋಗಿ ಬಂದು ಹೇಳುತ್ತೇನೆ ಎಂದು ಜಾರಿಕೊಂಡೆ.

ರಂಗಪ್ಪ ಹಾಸನದ ಸ್ಟೇಷನ್ನಿಗೆ ಬಂದಿದ್ದ. ಕೈಯಲ್ಲಿ ಹಾರವಿಲ್ಲ, ನಿಂಬೆಹಣ್ಣಿಲ್ಲ, ಮುಖದಲ್ಲಿ ನಗುವೂ ಇಲ್ಲ. "ನೀವು ಬರಗಂಟ ನಾವ್ ಕಾಯ್ತೀವಿ ಸಾವ್ಕಾರ್ರೇ. ಒಟ್ಟೆ ಕಾಯಾಕಿಲ್ಲ ಕಣ್ರೀ," ಅಂದ. ರೈಲು ಹೊಳೆನರಸೀಪುರದ ಕಡೆ ಬೆನ್ನು ಮಾಡಿ ಅರಸೀಕೆರೆಯತ್ತ ಹೊರಟಿತು. ಈ ಮಾತನ್ನು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದನೇ ಎಂದು ನಾನು ಬೊಂಬಾಯಿಯವರೆಗೂ ಯೋಚಿಸಿದೆ.

ಹಡಗು

ಹಡಗಿನಲ್ಲಿ ನನಗೆ ಗೊತ್ತಾದ ಮೊದಲ ಸಂಗತಿಯೆಂದರೆ, ಮಾಂಸವಿಲ್ಲ ಎಂದು ಅವರು ಹೇಳಿದ್ದರಲ್ಲಿ ಮಾಂಸ ಇರುತ್ತದೆ. ತಟ್ಟೆ ಬಂದಾಗಲೆಲ್ಲ ನಾನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದೆ. ಬಡಿಸುವವನಿಗೆ ಅದು ಅವಮಾನವೆನಿಸಿತೋ ಏನೋ, ನಾಲ್ಕನೆಯ ಊಟದಿಂದ ಅವನೇ ನನ್ನ ಮುಂದೆ ಬಂದು ತಟ್ಟೆಯನ್ನು ಬೆಳಕಿಗೆ ಹಿಡಿದು ತೋರಿಸತೊಡಗಿದ. ಕೊನೆಗೆ ಬೇಯಿಸಿದ ಆಲೂಗಡ್ಡೆ, ಹಾಲು, ಮತ್ತು ಮನೆಯಿಂದ ತಂದ ಹುರಿಹಿಟ್ಟು ಎಂದು ನಿಶ್ಚಯವಾಯಿತು.

ಹೆಂಡತಿ ಕಟ್ಟಿಕೊಟ್ಟಿದ್ದ ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಯಾರಾದರೂ ಕದ್ದಾರು ಎಂದು ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಬಚ್ಚಿಟ್ಟಿದ್ದೆ. ಏಡನ್ ದಾಟಿದ ಮೇಲೆ ಹಡಗು ಹೊಯ್ದಾಡಿ ಅದು ಒಡೆಯಿತು. ಇದ್ದ ಒಂದೇ ಒಳ್ಳೆಯ ಕೋಟು ಖಾರ ಕುಡಿದು ಕೂತಿತು. ಎದುರಿಗೆ ಇಟ್ಟಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಅದರ ವಾಸನೆಗೆ ನನ್ನ ಪಕ್ಕದ ಹಾಸಿಗೆಯ ದೊರೆ ಆಗಲೇ ಜಾಗ ಬದಲಾಯಿಸಿಕೊಂಡಿದ್ದ.

ಗೋಟೆಬೊರ್ಗ್

ಇಂಗ್ಲೆಂಡಿನಿಂದ ಇನ್ನೊಂದು ಹಡಗು ಹಿಡಿದು ಗೋಟೆಬೊರ್ಗ್ ಎಂಬ ಬಂದರಿನಲ್ಲಿ ಇಳಿದೆ. ಸುಂಕದ ಅಧಿಕಾರಿ ನನ್ನ ಪೆಟ್ಟಿಗೆ ತೆರೆದು ಉಪ್ಪಿನಕಾಯಿಯ ಕೋಟನ್ನು ಎರಡೇ ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಅವನ ಕಣ್ಣು ನನ್ನ ಎದೆಯ ಮೇಲೆ ನಿಂತಿತು. ನಾವು ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುವವರು. ಒಳಗೇನಿದೆ, ಬಿಚ್ಚು ಎಂದು ಸನ್ನೆ ಮಾಡಿದ. ಆಗುವುದಿಲ್ಲ ಎಂದೆ. ವಜ್ರವೋ ಅಫೀಮೋ ಎಂದು ಇಂಗ್ಲಿಷಿನಲ್ಲಿ ಕೇಳಿದ. ದೇವರು ಎಂದೆ. ಅವನು ನಂಬಲಿಲ್ಲ.

ಅವನ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ನನ್ನನ್ನು ನೋಡುತ್ತಿದ್ದ ರೀತಿ ನಾನು ಕಟ್ಟಾಯದ ಬೆಣ್ಣೆಯ ಮಡಕೆಯನ್ನು ನೋಡುವ ರೀತಿಯೇ. ನೀನು ಮುಟ್ಟಬೇಡ, ನಾನೇ ತೋರಿಸುತ್ತೇನೆ ಎಂದು ಹೇಳಿ ಕೈ ತೊಳೆಯಲು ನೀರು ಕೇಳಿದೆ. ಕರಡಿಗೆ ಬಿಚ್ಚಿ ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಅವನ ಮುಂದೆ ಹಿಡಿದೆ. ಅವನು ಬಗ್ಗಿ ಚೆನ್ನಾಗಿ ನೋಡಿದ, ಮೂಸಿಯೂ ನೋಡಿದ. ಆಮೇಲೆ ಟೋಪಿ ತೆಗೆದು ಹಿಂದೆ ಸರಿದ. ಪೂರ್ತಿ ನೋಡಿ ಆದ ಮೇಲೆ ತೆಗೆದ ಟೋಪಿಯಾದ್ದರಿಂದ ಅದಕ್ಕೆ ನಾನು ಬೆಲೆ ಕೊಟ್ಟೆ.

ಹಾಲಿನ ಕಟ್ಟೆ

ಯಂತ್ರದ ಕಂಪನಿಯವರು ಅದು ದಿನವೂ ಕೆಲಸ ಮಾಡುವುದನ್ನು ನೋಡಲಿ ಎಂದು ನನ್ನನ್ನು ಸಮುದ್ರದ ಹತ್ತಿರದ ಒಂದು ಹಳ್ಳಿಗೆ ಕಳಿಸಿದರು. ಕಾರ್ಲ್ ಎಂಬ ರೈತನ ಮನೆಯಲ್ಲಿ ವಾಸ. ದೊಡ್ಡ ಆಳು, ಮಾತು ಕಡಿಮೆ. ಅವನ ಮಗಳು ಅನ್ನಾ ಶಾಲೆಯ ಮೇಡಂ. ಅವಳಿಗೆ ಇಂಗ್ಲಿಷ್ ಬರುತ್ತಿತ್ತು, ನನಗೂ ಮೈಸೂರಿನಲ್ಲಿ ಓದಿದ್ದು ಅಷ್ಟಿಷ್ಟು ಉಳಿದಿತ್ತು. ಆ ಮನೆಯಲ್ಲಿ ನಡೆದ ಮಾತೆಲ್ಲ ಅವಳ ಬಾಯಿಂದ ಹಾದು ನನಗೆ ಬಂದದ್ದು. ಅವಳು ಅಪ್ಪನ ಬೈಗುಳಗಳನ್ನು ಬಿಟ್ಟು ಹೇಳುತ್ತಾಳೆ ಎಂಬ ಅನುಮಾನ ನನಗೆ ಮೊದಲ ದಿನವೇ ಬಂತು. ಕಾರ್ಲ್ ಬಹಳ ಹೊತ್ತು ಮಾತಾಡಿದರೆ ಅವಳದು ಒಂದೇ ವಾಕ್ಯ.

ಬೇಸಿಗೆಯಾದ್ದರಿಂದ ಅಲ್ಲಿ ಸೂರ್ಯ ಮುಳುಗಲು ಮನಸ್ಸೇ ಮಾಡುತ್ತಿರಲಿಲ್ಲ. ಸಂಜೆಯ ಪೂಜೆಗೆ ಕೂರುವುದು ಯಾವಾಗ ಎಂಬುದೇ ನನಗೆ ತಲೆನೋವಾಯಿತು. ಕೊನೆಗೆ ಕಾರ್ಲನ ಕೋಳಿಗಳು ಗೂಡು ಸೇರಿದರೆ ಸಂಜೆಯೆಂದು ಇಟ್ಟುಕೊಂಡೆ. ಅಲ್ಲಿಯ ಆಲೂಗಡ್ಡೆ ನಮ್ಮ ಹಾಸನದ್ದಕ್ಕಿಂತ ಸಪ್ಪೆ. ರೊಟ್ಟಿ ಒಣಗಿ ಹಂಚಿನ ಚೂರಿನ ಹಾಗಿತ್ತು. ಬೆಣ್ಣೆಯನ್ನು ಮಾತ್ರ ನಾನು ಮೂಸಿ, ಉಜ್ಜಿ, ಕರಗಿಸಿ ನೋಡಿದೆ; ತಪ್ಪು ಹುಡುಕಲಾಗದೆ ಮನಸ್ಸಿಗೆ ಕಸಿವಿಸಿಯಾಯಿತು.

ಆ ಸೀಮೆಯಲ್ಲಿ ಪ್ರತಿ ಮನೆಯ ಮುಂದೆಯೂ ರಸ್ತೆಯ ಪಕ್ಕ ಒಂದು ಮರದ ಕಟ್ಟೆ ಇರುತ್ತದೆ. ಬೆಳಗ್ಗೆ ರೈತರು ಹಾಲಿನ ಕ್ಯಾನುಗಳನ್ನು ಅದರ ಮೇಲಿಟ್ಟು ತಮ್ಮ ಪಾಡಿಗೆ ಹೊಲಕ್ಕೆ ಹೋಗಿಬಿಡುತ್ತಾರೆ. ಯಾವಾಗಲೋ ಲಾರಿ ಬಂದು ತೆಗೆದುಕೊಂಡು ಹೋಗುತ್ತದೆ. ಕಾವಲಿಲ್ಲ, ಬೀಗವಿಲ್ಲ. ಇದನ್ನು ನೋಡಿ ನನಗೆ ನಿದ್ದೆ ಬರಲಿಲ್ಲ. ಹಾಲನ್ನು ರಸ್ತೆಯಲ್ಲಿ ಬಿಟ್ಟು ಹೋದರೆ ಅದಕ್ಕೆ ನೀರು ಬೆರೆಸದ ಮನುಷ್ಯ ಭೂಮಿಯ ಮೇಲಿದ್ದಾನೆಯೇ? ಮೋಸವನ್ನು ಹಿಡಿದೇ ತೀರುತ್ತೇನೆಂದು ಮರುದಿನ ಬೆಳಗ್ಗೆ ಕಟ್ಟೆಯ ಹಿಂದಿನ ಪೊದೆಯಲ್ಲಿ ಕೂತೆ.

ಯಾರೂ ಬರಲಿಲ್ಲ. ತಡೆಯಲಾರದೆ ನಾನೇ ಎದ್ದು ಒಂದು ಕ್ಯಾನಿನ ಮುಚ್ಚಳ ತೆಗೆದು ಬೆರಳು ಅದ್ದಿದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ನನ್ನ ಕಾಲರು ಹಿಡಿಯಿತು. ತಿರುಗಿದರೆ ತೆಳ್ಳನೆಯ, ಬಿಳಿ ಮೀಸೆಯ ಒಬ್ಬ ಮುದುಕ. ನನ್ನನ್ನು ದರದರ ಎಳೆದುಕೊಂಡು ಹೋಗಿ ಕಾರ್ಲನ ಮುಂದೆ ನಿಲ್ಲಿಸಿದ. ಅವನ ಹೆಸರು ನಿಲ್ಸ್. ಹಳ್ಳಿಯ ಆಚೆಯ ಕಲ್ಲಿನ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು. ನಾನು ಕಾರ್ಲನ ಅತಿಥಿ ಎಂದು ತಿಳಿದ ಮೇಲೂ ಅವನು ನನ್ನ ಕಾಲರು ಬಿಡಲಿಲ್ಲ. ನಾನು ಕಳ್ಳನಲ್ಲ, ಅನುಮಾನದವನು ಎಂದು ಅನ್ನಾ ತಿಳಿಸಿ ಹೇಳಿದಳು. ಹಾಲನ್ನು ಡೈರಿಯಲ್ಲಿ ಪರೀಕ್ಷೆ ಮಾಡಿ ಅದರಲ್ಲಿರುವ ಕೊಬ್ಬಿನ ಮೇಲೆ ಬೆಲೆ ಕಟ್ಟುತ್ತಾರೆ, ನೀರು ಬೆರೆಸಿದರೆ ಬೆರೆಸಿದವನಿಗೇ ನಷ್ಟ ಎಂದು ಆಮೇಲೆ ನನಗೂ ತಿಳಿಸಿದಳು. ಅವರು ಸಾಧುಗಳೆಂದು ತಿಳಿದು ನಾನು ಬೆಚ್ಚಿದ್ದೆ. ಸಾಧುಗಳಲ್ಲ, ಬುದ್ಧಿವಂತರು ಎಂದು ತಿಳಿದು ಸಮಾಧಾನವಾಯಿತು.

ಕಾರ್ಲನ ಊಟದ ಮೇಜು

ನಾನು ಗಮನಿಸಿದ್ದು ಬೇರೆ. ಕಾರ್ಲನೂ ನಿಲ್ಸನೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುತ್ತಿರಲಿಲ್ಲ. ಅನ್ನಾಳನ್ನು ಕೇಳಿದೆ. ಆ ಹಳ್ಳಿಯ ಕಥೆ ನಮ್ಮ ಜಿಲ್ಲೆಯ ಕಥೆಯನ್ನು ಯಾರೋ ಹಿಮದೇಶಕ್ಕೆ ಹೊತ್ತುಕೊಂಡು ಹೋಗಿ ಇಳಿಸಿದ ಹಾಗಿತ್ತು. ಅಲ್ಲಿ ಒಡೆದ, ಬೀದಿಗೆ ಹಾಸುವ ಕಲ್ಲುಗಳನ್ನು ಪರದೇಶದವರು ಕೊಳ್ಳುವುದು ನಿಲ್ಲಿಸಿದ್ದರು. ಕಲ್ಲಿನ ಗಣಿಯವರೆಲ್ಲ ಕೈಕಟ್ಟಿ ಕೂತರು. ಸರಕಾರ ಕೊಡುತ್ತಿದ್ದ ಕೆಲಸಕ್ಕೆ ಕೂಲಿ ತೀರ ಕಡಿಮೆ. ಅದನ್ನು ಏರಿಸಿ ಎಂದು ಕೂಲಿಗಾರರ ಪಕ್ಷ ಕೇಳಿತು. ಏರಿಸಿದರೆ ನಮ್ಮ ಹೊಲಕ್ಕೆ ಆಳು ಬರುವುದಿಲ್ಲ ಎಂದು ರೈತರ ಪಕ್ಷ ತಡೆಯಿತು. ಬೆಣ್ಣೆಯ ಬೆಲೆ ಬಿದ್ದಿದೆ, ಅದನ್ನು ಎತ್ತಿ ಎಂದು ರೈತರು ಕೇಳಿದರು. ಬಡವರು ತಿನ್ನುವ ಅಗ್ಗದ ಕೃತಕ ಬೆಣ್ಣೆಯ ಮೇಲೆ ಸುಂಕ ಹಾಕಿದರೆ ನಾವು ಏನು ತಿನ್ನೋಣ ಎಂದು ಕೂಲಿಗಾರರು ತಡೆದರು.

ಕೊನೆಗೆ ಒಂದು ದಿನ ರಾಜಧಾನಿಯಲ್ಲಿ ಎರಡು ಪಕ್ಷಗಳೂ ಕೂತು ಕೊಡುಕೊಳ್ಳುವ ಮಾತಾಡಿದವು. ನೀವು ಕೂಲಿಗೆ ಒಪ್ಪಿ, ನಾವು ಬೆಣ್ಣೆಗೆ ಒಪ್ಪುತ್ತೇವೆ ಎಂದು. ಪತ್ರಿಕೆಯವರು ಇದನ್ನು ದನದ ವ್ಯಾಪಾರ ಎಂದು ಹಳಿದರಂತೆ. ಈಗ ಕಲ್ಲಿನವರಿಗೆ ರಸ್ತೆ, ಸೇತುವೆಯ ಕೆಲಸ ಸಿಕ್ಕಿದೆ, ಕಾರ್ಲನ ಬೆಣ್ಣೆಗೂ ಬೆಲೆ ಬಂದಿದೆ ಎಂದಳು.

ನಾನು ನಂಬಲಿಲ್ಲ. ಅನ್ನ ಹಂಚಿಕೊಳ್ಳುವ ಮಾತಾಡುವ ಕಡೆ ಯಾರೋ ಒಬ್ಬನ ಎಲೆ ಖಾಲಿ ಇರಲೇಬೇಕು ಎಂಬುದು ನನ್ನ ಅನುಭವ. ಯಾರಿಗೆ ಮೋಸವಾಗಿದೆ ಎಂದು ಹುಡುಕತೊಡಗಿದೆ. ನಿಲ್ಸನ ಜೊತೆ ರಸ್ತೆಯ ಕೆಲಸದ ಜಾಗಕ್ಕೆ ಹೋಗಿ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೂಲಿ ಕೈಗೆ ಸಿಗುತ್ತದೆಯೇ, ಮೇಸ್ತ್ರಿ ಮುರಿದುಕೊಳ್ಳುತ್ತಾನೆಯೇ ಎಂದು ಬೆರಳಿನಲ್ಲಿ ಸನ್ನೆ ಮಾಡಿ ಕೇಳಿದೆ. ಅವರು ನಾನು ಸಾಲ ಕೇಳುತ್ತಿದ್ದೇನೆಂದು ತಿಳಿದು ಜೇಬು ಒದರಿ ತೋರಿಸಿದರು.

ಭಾನುವಾರ ಅನ್ನಾಳ ಒತ್ತಾಯಕ್ಕೆ ಕಾರ್ಲ್ ನಿಲ್ಸನನ್ನು ಕಾಫಿಗೆ ಕರೆದ. ನಮ್ಮ ಸೀಮೆಯಲ್ಲಿ ದನದ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ಕೇಳಿದರು. ಮೇಜಿನ ಮೇಲಿದ್ದ ಬಟ್ಟೆಯನ್ನು ತೆಗೆದು, ನಮ್ಮ ದಲ್ಲಾಳಿ ಟವಲ್ಲು ಹೊದಿಸುವ ಹಾಗೆ, ಇಬ್ಬರ ಬಲಗೈಗಳ ಮೇಲೆ ಹೊದಿಸಿದೆ. ಬೆರಳುಗಳನ್ನು ಹಿಡಿದೇ ಬೆಲೆ ಹೇಳಬೇಕು, ಒಪ್ಪದಿದ್ದರೆ ಬೆರಳು ಮಡಿಸಬೇಕು, ಪಕ್ಕದಲ್ಲಿ ನಿಂತವನಿಗೆ ಏನೂ ಕಾಣಬಾರದು ಎಂದು ಹೇಳಿಕೊಟ್ಟೆ. ಇಬ್ಬರೂ ಬಟ್ಟೆಯ ಕೆಳಗೆ ಗುದ್ದಾಡಿದರು. ನಿಲ್ಸ್ ಥಟ್ಟನೆ ಕೈ ಎಳೆದುಕೊಂಡು ಬಟ್ಟೆಯನ್ನು ಕಿತ್ತು ನೆಲಕ್ಕೆ ಹಾಕಿದ. ಅವನ ಮಾತನ್ನು ಅನ್ನಾ ಈ ಬಾರಿ ಪೂರ್ತಿಯಾಗಿ ಹೇಳಿದಳು.

"ಬಟ್ಟೆ ಇದ್ದಿದ್ದರೆ ನಾನು ಈ ಮನುಷ್ಯನ ಜೊತೆ ವ್ಯಾಪಾರ ಮಾಡುತ್ತಲೇ ಇರಲಿಲ್ಲ. ನಾನು ಇವನನ್ನು ನಂಬುವುದಿಲ್ಲ. ನಾಳೆ ನನ್ನ ಕೂಲಿಗೆ ಕೈ ಹಾಕಿದರೆ ಇವನ ಬೆಣ್ಣೆಗೆ ನಾನು ಕೈ ಹಾಕುತ್ತೇನೆ. ಅದು ಇವನಿಗೂ ಗೊತ್ತು."

ಕಾರ್ಲ್ ಕಾಫಿ ಸುರಿದುಕೊಳ್ಳುತ್ತ, ನಾನೂ ಇವನನ್ನು ನಂಬುವುದಿಲ್ಲ, ಅದಕ್ಕೇ ಪ್ರತಿ ವಾರವೂ ಆ ರಸ್ತೆ ನೋಡಿ ಬರುತ್ತೇನೆ ಎಂದ. ಅಷ್ಟೇ. ಕೈಕುಲುಕಲಿಲ್ಲ, ಅಪ್ಪಿಕೊಳ್ಳಲಿಲ್ಲ. ಇಬ್ಬರೂ ಬಿಸಿ ಕಾಫಿಯನ್ನು ತಟ್ಟೆಗೆ ಹುಯ್ದು ನಮ್ಮೂರಿನವರ ಹಾಗೆಯೇ ಸೊರ್ರೆಂದು ಕುಡಿದರು.

ನನಗೆ ಆಗ ಬಹಳ ಸಂತೋಷವಾಯಿತು. ಒಳ್ಳೆಯತನದಿಂದ ಒಂದು ದೇಶ ನಡೆಯುತ್ತದೆ ಎಂದರೆ ನನ್ನ ಕೈಲಿ ಏನೂ ಮಾಡಲಾಗುತ್ತಿರಲಿಲ್ಲ. ನಮ್ಮಲ್ಲಿ ಅಷ್ಟು ಒಳ್ಳೆಯತನದ ದಾಸ್ತಾನಿಲ್ಲ. ಅನುಮಾನದಿಂದ ನಡೆಯುತ್ತದೆ ಎಂದಾದರೆ ಆ ಸರಕು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಬೇಕಾದಷ್ಟಿತ್ತು. ಎರಡು ಬೇಡಿಕೆಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಕು, ಒಂದನ್ನು ಬಿಚ್ಚಿದರೆ ಇನ್ನೊಂದೂ ಬಿಚ್ಚಿಹೋಗಬೇಕು, ಎಲ್ಲರ ಕಣ್ಣೆದುರೇ ಕಟ್ಟಬೇಕು. ಯಂತ್ರಕ್ಕೆ ಹೇಳಿಟ್ಟು ಊರಿಗೆ ಹೊರಟೆ.

ಚನ್ನರಾಯಪಟ್ಟಣ

ಯಾರ ಊರಲ್ಲಿ ಸಭೆ ಸೇರಬೇಕು ಎಂಬುದಕ್ಕೇ ಮೊದಲ ಜಗಳವಾಯಿತು. ಅರಕಲಗೂಡಿಗೆ ರಂಗಪ್ಪ ಬರುವುದಿಲ್ಲ, ಹೊಳೆನರಸೀಪುರಕ್ಕೆ ಭಾವ ಬರುವುದಿಲ್ಲ, ಹಾಸನ ನನ್ನದೆಂದು ಇಬ್ಬರೂ ಬರುವುದಿಲ್ಲ. ಇಬ್ಬರಿಗೂ ನೆಂಟರಿಲ್ಲದ ಊರೆಂದು ಚನ್ನರಾಯಪಟ್ಟಣದ ಮುಸಾಫಿರಿ ಬಂಗಲೆ ಗೊತ್ತಾಯಿತು.

ನಾನು ಸೀಮೆಯಿಂದ ಕಲಿತುಬಂದದ್ದನ್ನೆಲ್ಲ ಹೇಳಿದೆ. ರಸ್ತೆ ಆಗಲಿ, ಕೂಲಿ ಸುಗ್ಗಿಯ ಕೂಲಿಯಷ್ಟೇ ಇರಲಿ. ಆದರೆ ರಾಗಿ ಕುಯ್ಯುವ ದಿನಗಳಲ್ಲಿ ರಸ್ತೆಯ ಕೆಲಸ ನಿಲ್ಲಲಿ, ಆಳುಗಳು ಹೊಲಕ್ಕೆ ಬರಲಿ. ಪೇಟೆಗೆ ಬರುವ ವನಸ್ಪತಿ ಡಬ್ಬಕ್ಕೆ ಸುಂಕ ಬೀಳಲಿ, ಅದನ್ನು ತುಪ್ಪವೆಂದು ಮಾರುವುದು ನಿಲ್ಲಲಿ. ರೈತರ ಬೆಣ್ಣೆಗೆ ಬೆಲೆ ಬರುತ್ತದೆ. ಎರಡನ್ನೂ ಒಟ್ಟಿಗೆ ಒಪ್ಪಬೇಕು, ಇಲ್ಲವೇ ಎರಡನ್ನೂ ಬಿಡಬೇಕು. ಹೇಳಿ ಮುಗಿಸಿ ಹೆಮ್ಮೆಯಿಂದ ಕೂತೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ ಮಡಕೆಯಾಗಿ ಕೂತಿದ್ದೆ. ರಂಗಪ್ಪ ನಿಧಾನವಾಗಿ ಎದ್ದ.

"ಬೆಣ್ಣೆ ಬೆಲೆ ಏರಿದ್ರೆ ಮೊದಲ್ನೇ ಲಾಬ ಯಾರ್ಗೆ ಸಾವ್ಕಾರ್ರೇ? ರೈತ್ರಿಗಾ, ಇಲ್ಲಾ ಅವರತ್ರ ಕೊಂಡ್ಕೊಂಡು ಮಾರೋರ್ಗಾ?"

ನಾನು ಭಾವನ ಕಡೆ ನೋಡಿದೆ. ನೆಂಟಸ್ತಿಕೆಗಾದರೂ ನನ್ನ ಪರ ಒಂದು ಮಾತಾಡಬಹುದೆಂದು. ಅವರು ಎಲೆಯಡಿಕೆ ಹಾಕಿಕೊಂಡು ಕಿಟಕಿಯಾಚೆ ಉಗಿದು ಬಂದು ಕೂತರು.

"ಯಂತ್ರ ನಿಂದು. ಕೆನೆ ನಿಂಗೆ, ನೀರ್ಮಜ್ಜಿಗೆ ನಮ್ಗೆ. ನಿನ್ ಅಸೂನೂ ಇದೇ ಸಂತೇಲಿ ಕಟ್ಟಿರುವಾಗ ನೀನು ಟವಲ್ಲಿಗೆ ಕೈ ಆಕಂಗಿಲ್ಲ ಕಣಯ್ಯ."

ನಮ್ಮಲ್ಲಿ ಅದು ಕಟ್ಟುನಿಟ್ಟು. ಸಂತೆಯಲ್ಲಿ ತನ್ನ ದನ ಕಟ್ಟಿದವನು ಆ ದಿನ ದಲ್ಲಾಳಿಯಾಗಿ ಕೂರುವ ಹಾಗಿಲ್ಲ. ನನಗೆ ಮೈಯೆಲ್ಲ ಉರಿಯಿತು. ಸಮುದ್ರ ದಾಟಿ, ಹಂಚಿನ ಚೂರು ತಿಂದು, ಕಾಲರು ಹಿಡಿಸಿಕೊಂಡು ಇವರಿಗಾಗಿ ಕಲಿತು ಬಂದರೆ ಇದೇ ಬಹುಮಾನವೇ ಎಂದು ಎದ್ದು ಹೊರಗೆ ಹೋದೆ. ಬಂಗಲೆಯ ಜಗಲಿಯ ಮೇಲೆ ಒಬ್ಬನೇ ಕೂತೆ. ಸಿಟ್ಟು ಇಳಿದ ಮೇಲೆ ನನ್ನನ್ನೇ ಕೇಳಿಕೊಂಡೆ: ಈ ಮಾತನ್ನು ಇನ್ನೊಬ್ಬ ಬೆಣ್ಣೆ ವ್ಯಾಪಾರಿ ಬಂದು ಹೇಳಿದ್ದರೆ ನಾನು ಒಪ್ಪುತ್ತಿದ್ದೆನೆ? ಖಂಡಿತ ಇಲ್ಲ. ಅವನ ಏಳು ತಲೆಮಾರನ್ನು ಜಾಲಾಡುತ್ತಿದ್ದೆ.

ಊಟಕ್ಕೆ ಮೊದಲು ಒಳಗೆ ಹೋಗಿ ಹೇಳಿದೆ. ಯಂತ್ರ ಬಂದಾಗ ಅದು ನನ್ನ ಅಂಗಡಿಗೆ ಬರುವುದಿಲ್ಲ. ದುದ್ದದಲ್ಲಿ ಹಸು ಕಟ್ಟಿದವರೆಲ್ಲ ಸೇರಿ ಒಂದು ಸಂಘ ಮಾಡಿಕೊಳ್ಳಲಿ, ಯಂತ್ರ ಅದಕ್ಕೆ. ಬೆಣ್ಣೆಯ ಬೆಲೆ ಸಂಘ ಹೇಳಲಿ, ನಾನು ಉಳಿದ ವ್ಯಾಪಾರಿಗಳ ಹಾಗೆ ಸಾಲಿನಲ್ಲಿ ನಿಂತು ಕೊಳ್ಳುತ್ತೇನೆ. ಆ ಯಂತ್ರದ ಹೊಳಪನ್ನು ನಾನು ಕನಸಿನಲ್ಲೂ ನೋಡುತ್ತಿದ್ದೆ. ಭಾವ ರಂಗಪ್ಪನ ಮುಖ ನೋಡಿದರು, ರಂಗಪ್ಪ ಭಾವನ ಮುಖ ನೋಡಿದ. ಅಷ್ಟು ವರ್ಷದಲ್ಲಿ ಅವರಿಬ್ಬರೂ ಒಂದೇ ವಿಷಯಕ್ಕೆ ಒಟ್ಟಿಗೆ ತಲೆಯಾಡಿಸಿದ್ದು ಅದೇ ಮೊದಲು. ನನ್ನ ಗಂಟು ಕರಗಿದ್ದಕ್ಕೆ ಇಬ್ಬರಿಗೂ ಆದ ಸಂತೋಷ ಅದು ಎಂದು ನಾನು ಇವತ್ತಿಗೂ ಅನುಮಾನ ಪಡುತ್ತೇನೆ. ರಸ್ತೆಯೂ ಸುಂಕವೂ ಬೋರ್ಡಿನಲ್ಲಿ ಒಟ್ಟಿಗೆ ಪಾಸಾದವು.

ಅರಕಲಗೂಡು ರಸ್ತೆ

ಕೆಲಸ ಶುರುವಾದ ಬೆಳಗ್ಗೆ ಭಾವ ಕೊಡೆ ಹಿಡಿದುಕೊಂಡು ಬಂದು ಆಲದ ಮರದ ಕೆಳಗೆ ಕೂತರು. ಯಾರು ಎಷ್ಟು ಹೊತ್ತು ಬೀಡಿ ಸೇದುತ್ತಾರೆ ಎಂದು ನೋಡುವುದಕ್ಕೆ. ಅದೇ ಬೆಳಗ್ಗೆ ಮಗ್ಗದ ಬೀದಿಯ ಹೆಂಗಸರಿಬ್ಬರು ಸುಂಕದ ಕಟ್ಟೆಯ ಎದುರು ಕೂತು ಅವರೆಕಾಯಿ ಬಿಡಿಸತೊಡಗಿದರು. ಡಬ್ಬಗಳು ಸುಂಕ ಕಟ್ಟದೆ ನುಸುಳುತ್ತವೆಯೇ ಎಂದು ನೋಡುವುದಕ್ಕೆ. ಡಬ್ಬಗಳ ಸುಂಕ ತಪ್ಪಿದರೆ ಭಾವ ರಸ್ತೆಯನ್ನು ನಿಲ್ಲಿಸುತ್ತಾರೆಂದು ಅವರಿಗೆ ಗೊತ್ತಿತ್ತು. ತಾವೇ ತಿನ್ನುವ ಜಿಡ್ಡಿನ ಮೇಲೆ ಬಿದ್ದ ಸುಂಕವನ್ನು ತಾವೇ ಕಾಯುತ್ತಿದ್ದರು. ನಾನು ಸೈಕಲ್ಲಿನಲ್ಲಿ ಎರಡು ಕಡೆಯೂ ಓಡಾಡಿ ಇಬ್ಬರನ್ನೂ ನೋಡಿ ಬರುತ್ತಿದ್ದೆ. ನನ್ನನ್ನು ನೋಡಲು ದುದ್ದದ ಸಂಘದವರು ಒಬ್ಬನನ್ನು ಇಟ್ಟಿದ್ದಾರೆ ಎಂದು ಆಮೇಲೆ ತಿಳಿಯಿತು.

ಹೀಗೆ ಎಲ್ಲರೂ ಎಲ್ಲರನ್ನೂ ಕಾಯುತ್ತ ಎರಡು ಬೇಸಿಗೆ ರಸ್ತೆ ನಡೆಯಿತು. ಕೋಲಾರಕ್ಕೆಂದು ಕಟ್ಟಿದ ಗಂಟುಗಳು ಬಿಚ್ಚಿಕೊಂಡವು. ರಾಗಿ ಕುಯ್ಯುವ ಹೊತ್ತಿಗೆ ರಸ್ತೆ ನಿಂತಿತು, ಆಳು ಹೊಲಕ್ಕೆ ಬಂದರು. ರಂಗಪ್ಪನೂ ದಿನವೂ ಬಿಸಿಲಲ್ಲಿ ಕೂತು ಸುತ್ತಿಗೆಯಲ್ಲಿ ಜಲ್ಲಿ ಒಡೆದ. ಯಜಮಾನ ನೆರಳಲ್ಲಿ ಕೂತರೆ ಮಲ್ಲಪ್ಪನವರು ನೋಡುತ್ತಾರೆ, ಅದಕ್ಕೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತೇನೆ ಎಂದು ನನಗೆ ಹೇಳಿದ. ಭಾವನೂ ಅದನ್ನು ನೋಡಿದರು. ಯಾರ ಕೆಲಸದಲ್ಲೂ ಕಳ್ಳತನವಿಲ್ಲ ಎಂದು ಒಂದು ದಿನ ಅವರೇ ಬಾಯಿಬಿಟ್ಟು ಹೇಳಿದಾಗ ಸೀಮೆಗೆ ಹೋಗಿಬಂದದ್ದು ಸಾರ್ಥಕವಾಯಿತು ಅನ್ನಿಸಿತು.

ಹೊಳೆನರಸೀಪುರ

ಎರಡನೆಯ ಸುಗ್ಗಿ ಮುಗಿದ ಮೇಲೆ ಭಾವನ ಮಗಳ ಮದುವೆ ಗೊತ್ತಾಯಿತು. ಧಾರೆಯ ಸೀರೆಯನ್ನು ರಂಗಪ್ಪನ ಮಗ್ಗದಲ್ಲೇ ನೇಯಿಸುತ್ತೇನೆ ಎಂದು ಭಾವ ನನ್ನನ್ನು ಕರೆದುಕೊಂಡು ಹೊರಟರು. ಬೆಂಗಳೂರಿನಿಂದ ತರಿಸಿದ ರೇಷ್ಮೆ ನೂಲನ್ನು ಮಡಿಬಟ್ಟೆಯಲ್ಲಿ ಸುತ್ತಿ ತಾವೇ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಅವರು ಆ ಬೀದಿಗೆ ಕಾಲಿಟ್ಟದ್ದು ಅದೇ ಮೊದಲು. ಇದರಲ್ಲೇನಾದರೂ ಮತಗಳ ಲೆಕ್ಕಾಚಾರವಿದೆಯೇ ಎಂದು ನಾನು ದಾರಿಯುದ್ದಕ್ಕೂ ಅವರ ಮುಖ ನೋಡಿದೆ. ಏನೂ ಸಿಗಲಿಲ್ಲ. ಮಗಳಿಗೆ ಒಳ್ಳೆಯ ಸೀರೆ ಬೇಕು, ಅಷ್ಟೇ ಅವರ ಮುಖದಲ್ಲಿತ್ತು.

ರಂಗಪ್ಪ ಮಗ್ಗದ ಮೇಲಿನ ಧೂಳು ಒರೆಸಿಸಿ, ಹೆಂಡತಿಯ ಕೈಲಿ ದೀಪ ಹಚ್ಚಿಸಿದ. ಕಣ್ಣಲ್ಲಿ ನೀರು ತುಂಬಿಕೊಂಡು ನೂಲನ್ನು ಹಣೆಗೆ ಒತ್ತಿಕೊಂಡ. ಆಮೇಲೆ ಒಂದು ಎಳೆ ಬಿಡಿಸಿ ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯಲು ಹೋದ. ಎಳೆ ಜಾರಲಿಲ್ಲ. ಅವನ ಬೆರಳಿನ ಬಿರುಕಿಗೆ ಸಿಕ್ಕಿಕೊಂಡು ನವಿರೆದ್ದು ತುಂಡಾಯಿತು. ಇನ್ನೊಂದು ಎಳೆ ತೆಗೆದ. ಅದೂ ತುಂಡಾಯಿತು. ಹೆಂಡತಿ ಹರಳೆಣ್ಣೆ ತಂದು ಅವನ ಅಂಗೈಗೆ ಹಚ್ಚಿ ತಿಕ್ಕಿದಳು. ಸುತ್ತಿಗೆಯ ಏಟಿಗೆ ಸಿಕ್ಕಿ ಮಡಿಸಲು ಬಾರದಂತಾಗಿದ್ದ ತೋರುಬೆರಳನ್ನು ಅವನು ಎಡಗೈಯಿಂದ ಬಗ್ಗಿಸಿಕೊಂಡು ಮತ್ತೆ ಹೊಸೆದು ನೋಡಿದ. ಮಗ, ತಮ್ಮ, ಪಕ್ಕದ ಮನೆಯವರು, ಎಲ್ಲರೂ ಒಬ್ಬೊಬ್ಬರಾಗಿ ಬಂದು ಒಂದೊಂದು ಎಳೆ ಮುಟ್ಟಿ ನೋಡಿದರು. ಎಲ್ಲರ ಕೈಯೂ ರಸ್ತೆಯ ಕೈಯೇ.

ಕೂಲಿಯಲ್ಲಿ ಮೋಸವಾಗಬಾರದು, ಸುಂಕದಲ್ಲಿ ಮೋಸವಾಗಬಾರದು, ಹೊತ್ತಿನಲ್ಲಿ ಮೋಸವಾಗಬಾರದು ಎಂದು ನಾವು ಮೂವರೂ ಎರಡು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೆವು. ನೇಯುವವನ ಕೈಗೆ ಸುತ್ತಿಗೆ ಕೊಟ್ಟರೆ ಆ ಕೈ ಏನಾದೀತು ಎಂದು ಆ ಬಂಗಲೆಯಲ್ಲಿ ಒಬ್ಬನೂ ಕೇಳಲಿಲ್ಲ. ರಂಗಪ್ಪನೂ ಕೇಳಿರಲಿಲ್ಲ. ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅನುಮಾನ ಪಡುವುದಕ್ಕೆ ಆ ಮನೆಯಲ್ಲಿ ನಮಗೆ ಯಾರೂ ಸಿಗಲಿಲ್ಲ.

ರಂಗಪ್ಪ ತುಂಡಾದ ಎಳೆಗಳನ್ನು ಒಂದೊಂದಾಗಿ ಆಯ್ದು ಬಟ್ಟೆಯೊಳಗಿಟ್ಟ. ನೂಲನ್ನು ಮೊದಲಿದ್ದ ಹಾಗೆಯೇ ಸುತ್ತಿ ಎರಡು ಕೈಯಲ್ಲೂ ಭಾವನ ಮುಂದೆ ಹಿಡಿದ.

"ಬ್ಯಾರೆ ಊರಾಗೆ ನೇಯಿಸ್ಕಳಿ ಮಲ್ಲಪ್ನೋರೇ, ಮಗೀಗೆ ಒಳ್ಳೇದಾಗ್ಲಿ. ನಮ್ಗೆ ಈ ರಸ್ತೆ ಮುಗಿಯಾಕ್ ಮುಂಚೆ ಇನ್ನೊಂದ್ ರಸ್ತೆ ಕೊಡ್ಸಿ."